ಮುರಕಲ್ಲು ಗೋಡೆಯೊಳಗೆ ಜಿಐ ಪೈಪು ತುಕ್ಕು ಹಿಡಿದಿದೆ, ಒಡೆಯದೆ ದಾರಿ ಉಂಟಾ?

ಪೆರ್ಲದಿಂದ:
ನಮ್ಮದು ಹಳೇ ಮುರಕಲ್ಲಿನ (ಜಂಬಿಟ್ಟಿಗೆಯ) ಮನೆ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಟ್ಯಾಂಕಿಗೆ ಬಂದು, ಅಲ್ಲಿಂದ ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನಲ್ಲಿ ಅಡುಗೆಮನೆಗೂ ಬಚ್ಚಲಿಗೂ ಹೋಗುತ್ತದೆ. ಅಪ್ಪ ಹಾಕಿಸಿದ ಪೈಪು, 35 ವರ್ಷ ಆಯ್ತು. ಬೆಳಿಗ್ಗೆ ಮೊದಲ ಚೊಂಬು ನೀರು ಕೆಂಪು. ಬಚ್ಚಲಿನ ಎಲ್ಬೋ (ಪೈಪು ತಿರುಗುವ ಜಾಯಿಂಟ್) ಇರುವಲ್ಲಿ ಗೋಡೆ ಒದ್ದೆ. ಎರಡು ಸಲ ಎಪಾಕ್ಸಿ ಪುಟ್ಟಿ ಮೆತ್ತಿದೆ, ವಾರದಲ್ಲೇ ಎದ್ದು ಬಂತು. ನಿನ್ನೆ ನಲ್ಲಿ ಬಿಚ್ಚಲು ಹೋದರೆ ನಿಪ್ಪಲ್ (ಎರಡೂ ತುದಿಗೆ ತಿರುಪಿನ ಥ್ರೆಡ್ ಇರುವ ಗಿಡ್ಡ ಪೈಪು) ಎಲ್ಬೋದೊಳಗೇ ಮುರಿಯಿತು.

ಬದಿಯಡ್ಕದಿಂದ:
ಮೊದಲು ಸುರಂಗದ ಬಾಯಿಯಲ್ಲೇ ಒಂದು ಗ್ಲಾಸು ನೀರು ಹಿಡಿದು ರಾತ್ರಿಯಿಡೀ ಇಡಿ. ತಿಳಿ ನೀರು ನಿಂತು ಕೆಂಪಾದರೆ ನೀರಿನಲ್ಲೇ ಕಬ್ಬಿಣ ಉಂಟು, ಪೈಪು ಬದಲಿಸಿದರೂ ಆ ಬಣ್ಣ ಹೋಗುವುದಿಲ್ಲ. ತಿಳಿಯಾಗಿಯೇ ಇದ್ದರೆ ಕೆಂಪು ಬರುವುದು ಪೈಪಿನಿಂದ.

ನಮ್ಮ ಮುರಕಲ್ಲು ನೆಲದ ನೀರು ಹೆಚ್ಚಾಗಿ ಸ್ವಲ್ಪ ಹುಳಿ, ಪಿಎಚ್ 7ಕ್ಕಿಂತ ಕೆಳಗೆ. ಅದು ಮೊದಲು ಸತುವಿನ ಲೇಪ ತಿನ್ನುತ್ತದೆ, ಆಮೇಲೆ ಕಬ್ಬಿಣ. ಥ್ರೆಡ್ ಕೊರೆದಲ್ಲಿ ದಪ್ಪವೂ ಕಮ್ಮಿ, ಸತುವೂ ಇಲ್ಲ. ಅದಕ್ಕೇ ಸೋರುವುದು ಹೆಚ್ಚಾಗಿ ಜಾಯಿಂಟಿನಲ್ಲೇ.

ಮುರಿದ ನಿಪ್ಪಲ್ ತೆಗೆಯಬಹುದು. ನೀರು ಬಂದ್ ಮಾಡಿ. ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಹಿಡಿದು, ನಿಪ್ಪಲಿನ ಒಳಗಿನಿಂದ ಉದ್ದಕ್ಕೆ ಎರಡು ಗೀರು ಕೊಯ್ಯಿರಿ. ಎಲ್ಬೋದ ಥ್ರೆಡ್ಡಿಗೆ ಬ್ಲೇಡು ತಾಗಬಾರದು. ನಡುವಿನ ಚೂರನ್ನು ಸಣ್ಣ ಚಾಣದಿಂದ ಒಳಕ್ಕೆ ಬಗ್ಗಿಸಿದರೆ ಉಳಿದದ್ದು ಸಡಿಲ ಆಗುತ್ತದೆ.

ಆದರೆ ಮಾರಾಯ್ರೆ, ಒದ್ದೆ ಗೋಡೆಯ ಎಲ್ಬೋವನ್ನು ನಂಬಬೇಡಿ. ಒಂದು ಜಾಯಿಂಟ್ ತಿರುಗಿಸಿದರೆ ಪಕ್ಕದ್ದು ಬಿರಿಯಬಹುದು. ಹಳೆ ಪೈಪನ್ನು ಗೋಡೆಯಲ್ಲೇ ಬಿಟ್ಟು, ಗೋಡೆಯ ಮೇಲೆಯೇ ಕ್ಲ್ಯಾಂಪ್ ಹೊಡೆದು ಸಿಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಪೈಪು ಎಳೆಯಿರಿ. ನೋಡಲು ಅಷ್ಟು ಚಂದ ಇರುವುದಿಲ್ಲ, ಆದರೆ ಮುಂದೆ ಸೋರಿದರೆ ಕಣ್ಣಿಗೆ ಬೀಳುತ್ತದೆ. ಜಿಐಗೆ ಸೇರಿಸುವಲ್ಲಿ ಹಿತ್ತಾಳೆ ಥ್ರೆಡ್ಡಿನ ಅಡಾಪ್ಟರ್ ಹಾಕಿ. ಬರೀ ಪ್ಲಾಸ್ಟಿಕ್ ಥ್ರೆಡ್ಡನ್ನು ಕಬ್ಬಿಣದ ಮೇಲೆ ಬಿಗಿದರೆ ಸೀಳಬಹುದು. ಅಂಟು ಹಾಕಿದ ಮೇಲೆ ಒಂದು ದಿನ ನೀರು ಬಿಡಬೇಡಿ.

ಕುಂಬಳೆಯಿಂದ:
ಒಂದು ಮುಖ್ಯ ವಿಷಯ. ಹಳೆ ಮನೆಗಳಲ್ಲಿ ಕರೆಂಟಿನ ಅರ್ಥ್ ವಯರನ್ನು (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ) ಕೆಲವೊಮ್ಮೆ ನೀರಿನ ಪೈಪಿಗೇ ಕಟ್ಟಿರುತ್ತಾರೆ. ನಡುವೆ ಪ್ಲಾಸ್ಟಿಕ್ ಬಂದರೆ ಅರ್ಥ್ ತಪ್ಪುತ್ತದೆ. ಕೊಯ್ಯುವ ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಪೆರ್ಲದಿಂದ:
ಗ್ಲಾಸಿನ ನೀರು ತಿಳಿಯಾಗಿಯೇ ಉಳಿಯಿತು. ಟ್ಯಾಂಕಿನ ಹತ್ತಿರ ಪೈಪು ಕೊಯ್ದು ನೋಡಿದೆವು. ಒಳಗೆಲ್ಲ ಕಂದು ಗಂಟು, ಪೆನ್ಸಿಲ್ ಹೋಗುವಷ್ಟೂ ಜಾಗ ಇಲ್ಲ. ಸಿಪಿವಿಸಿ ಎಳೆದಾಯ್ತು. ಕುಂಬಳೆಯವರು ಹೇಳಿದ ವಯರು ಬಚ್ಚಲಿನ ಹಿಂದೆ ಪೈಪಿಗೆ ಸುತ್ತಿಕೊಂಡೇ ಇತ್ತು. ಈಗ ಅಂಗಳದಲ್ಲಿ ಬೇರೆ ಅರ್ಥ್ ಗುಂಡಿ ತೋಡಿಸಿದ್ದೇವೆ.