ಸಹಾಯ ಬೇಕು: ರಟ್ಟಿಗೆ ಅಂಟಿದ ಹಳೇ ಬುಕ್‌ಪ್ಲೇಟ್ ಬಿಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಹಳೇ ಬುಕ್‌ಪ್ಲೇಟ್ (ಪುಸ್ತಕ ಯಾರದ್ದು ಅಂತ ತಿಳಿಸಲು ರಟ್ಟಿನ ಒಳಗೆ ಅಂಟಿಸುವ ಚಿತ್ರದ ಚೀಟಿ) ಕೂಡಿಡುವ ಹುಚ್ಚು ನನಗೆ. ಎಚಿಂಗ್ ಆದವು, ಅಂದ್ರೆ ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಅಚ್ಚು ಹಾಕಿದವು, ಇನ್ನೂ ಜಾಸ್ತಿ ಇಷ್ಟ. ಜರ್ಮನಿಯ ಮ್ಯಾಕ್ಸ್ ಕ್ಲಿಂಗರ್ ಅಂಥ ಕಲಾವಿದರೇ ಇವನ್ನು ಮಾಡಿದ್ದಾರೆ, ಸುಮ್ನೆ ಲೇಬಲ್ ಅಂತ ತಳ್ಳಿಹಾಕುವ ಹಾಗಿಲ್ಲ.

ಈಗ ಸಿಕ್ಕಿರುವುದು ರಟ್ಟಿನ ಒಳಬದಿಗೆ ಅಂಟಿದೆ. ಒಂದು ಗೂಬೆ, ಕೆಳಗೆ ‘ಎಕ್ಸ್ ಲಿಬ್ರಿಸ್’ (ಲ್ಯಾಟಿನ್‌ನಲ್ಲಿ ‘ಇಂಥವರ ಪುಸ್ತಕಗಳಿಂದ’ ಅಂತ). ಭೂತಗನ್ನಡಿಯಲ್ಲಿ ನೋಡಿದರೆ ಗೆರೆಗಳ ತುದಿ ಮೊಂಡಾಗಿದೆ, ಶಾಯಿ ಚೂರು ಉಬ್ಬಿದೆ. ಸುತ್ತ ತಗಡು ಒತ್ತಿದ ಗುರುತೂ ಇದೆ. ಎಚಿಂಗೇ ಇರಬೇಕು, ಅಲ್ವಾ? ಅಂಚಿನಲ್ಲಿ ಪೆನ್ಸಿಲ್ ಸಹಿ ಬೇರೆ.

ಪುಸ್ತಕದ ಪುಟಗಳನ್ನೆಲ್ಲ ಗೆದ್ದಲು ತಿಂದಿದೆ, ಇಲ್ಲದಿದ್ದರೆ ಬಿಡಿಸುವ ಮಾತೇ ಇರಲಿಲ್ಲ. ಒದ್ದೆ ಬ್ಲಾಟಿಂಗ್ ಪೇಪರ್ ಇಟ್ಟರೆ ಅಂಟು ಬಿಡುತ್ತಾ? ಸಹಿ ಉಳಿಯುತ್ತಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಕಂದು ಚುಕ್ಕೆಗಳು ಇದ್ದರೆ ಇರಲಿ, ಬ್ಲೀಚ್ ಸಲಹೆ ಮಾತ್ರ ಬೇಡ.