ಶಿಸ್ತು, ಶಾಸ್ತ್ರ, ಶಾಸ್ತಿ: ‘ಡಿಸಿಪ್ಲಿನ್’ಗೆ ಕನ್ನಡದಲ್ಲಿ ಏನನ್ನೋಣ?

ಪದಾಸಕ್ತರೇ,

ಒಂದು ಅನುವಾದದ ನಡುವೆ ಸಿಕ್ಕಿಹಾಕಿಕೊಂಡಿದ್ದೇನೆ. ಶಿಕ್ಷಣದ ಬಗೆಗಿನ ಲೇಖನ. ಒಂದೇ ಪ್ಯಾರಾದಲ್ಲಿ ‘ಡಿಸಿಪ್ಲಿನ್’ ಮೂರು ಸಲ ಬರುತ್ತದೆ, ಮೂರು ಸಲವೂ ಬೇರೆ ಅರ್ಥ. ಮೊದಲನೆಯದು ಇತಿಹಾಸ, ಗಣಿತದಂಥ ಓದಿನ ವಿಷಯ. ಎರಡನೆಯದು ಅದನ್ನು ಓದುವವನು ರೂಢಿಸಿಕೊಳ್ಳಬೇಕಾದ ಕಟ್ಟುನಿಟ್ಟು. ಮೂರನೆಯದು ತಪ್ಪಿ ನಡೆದವನಿಗೆ ಸಿಗುವ ದಂಡನೆ. ಬರೆದವರಿಗೆ ಒಂದು ಪದದ ಮೇಲೆ ಆಟವಾಡಿದ ಖುಷಿ, ನನಗೆ ಮೂರು ದಿನದ ತಲೆನೋವು. ಎಲ್ಲ ಕಡೆಯೂ ‘ಶಿಸ್ತು’ ಎಂದು ಹಾಕಿ ಓದಿ ನೋಡಿದೆ. ಮೊದಲ ಸಾಲಿಗೇ ಕಲ್ಲು ಕಡಿದಂತಾಯಿತು.

ಶಿಸ್ತು ‘ಶಿಷ್ಟ’ದ ತದ್ಭವ ಎಂದು ನಾನೂ ಬಹಳ ಕಾಲ ನಂಬಿದ್ದೆ. ಕಿವಿಗೂ ಒಪ್ಪುತ್ತದೆ, ಅರ್ಥಕ್ಕೂ ಒಪ್ಪುತ್ತದೆ. ಆದರೆ ಪದ ಬಂದ ದಾರಿಯೇ ಬೇರೆ. ಪಾರಸಿಯಲ್ಲಿ ‘ಶಸ್ತ್’ ಎಂದರೆ ಹೆಬ್ಬೆರಳು. ಹೆದೆ ಎಳೆಯುವಾಗ ಬಿಲ್ಲುಗಾರ ಹೆಬ್ಬೆರಳಿಗೆ ತೊಡುವ ಉಂಗುರಕ್ಕೂ ಅದೇ ಹೆಸರು. ಅಲ್ಲಿಂದ ಗುರಿ ಹಿಡಿಯುವುದು ಎಂಬ ಅರ್ಥ ಹುಟ್ಟಿತು. ಉರ್ದು, ಮರಾಠಿಗಳ ‘ಶಿಸ್ತ್’ಗೆ ಈ ಗುರಿಯ ಅರ್ಥ ಉಂಟು, ಮರಾಠಿಯಲ್ಲಿ ಅದು ಕ್ರಮ, ನಡವಳಿಕೆಯ ಕಟ್ಟು ಎನ್ನುವವರೆಗೂ ಬೆಳೆಯಿತು, ನಮ್ಮಲ್ಲೂ ಹಾಗೇ ನೆಲೆನಿಂತಿತು. ಇದು ತಿಳಿದ ಮೇಲೆ ‘ಶಿಸ್ತಾಗಿ ಬಟ್ಟೆ ಹಾಕಿಕೊಂಡು ಬಂದ’ ಎನ್ನುವ ಮಾತು ತಟ್ಟನೆ ಹೊಳೆಯಿತು. ಅಲ್ಲಿ ನೀತಿಯೂ ಇಲ್ಲ, ವಿಧೇಯತೆಯೂ ಇಲ್ಲ. ಗೆರೆ ಎಳೆದಂತೆ ಇರುವುದು, ಅಷ್ಟೇ.

ಇನ್ನು ‘ಶಿಸ್ತಿನ ಶಿವಪ್ಪನಾಯಕ’. ಈ ಬಿರುದು ಕೇಳಿದಾಗಲೆಲ್ಲ ನನ್ನ ಕಣ್ಣಮುಂದೆ ಬರುತ್ತಿದ್ದದ್ದು ನಸುಕಿಗೇ ಎದ್ದು ಸೇನೆಯನ್ನು ಸಾಲಾಗಿ ನಿಲ್ಲಿಸುವ ದೊರೆ. 1645ರಿಂದ 1660ರವರೆಗೆ ಆಳಿದ ಈ ಕೆಳದಿಯ ಅರಸನ ‘ಶಿಸ್ತು’ ಎಂದರೆ ಭೂಕಂದಾಯದ ನಿಗದಿ! ಮಣ್ಣಿನ ಗುಣ, ನೀರಿನ ಅನುಕೂಲ ನೋಡಿ ಜಮೀನನ್ನು ಐದು ತರಗತಿ ಮಾಡಿ, ಹುಟ್ಟುವಳಿಯ ಮೂರರಲ್ಲೊಂದು ಪಾಲನ್ನು ಅರಮನೆಗೆ ಗೊತ್ತುಮಾಡಿದ ಏರ್ಪಾಟು ಅದು. 1799ರಲ್ಲಿ ಕರಾವಳಿಯ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ಮೇಲೂ ಕಂದಾಯದ ಕಡತಗಳಲ್ಲಿ ‘ಶಿಸ್ತು’, ‘ಶಾಮಿಲು’ ಎಂಬ ಜೋಡಿ ಉಳಿದುಕೊಂಡಿತ್ತು: ಮೂಲ ತೆರಿಗೆ ಶಿಸ್ತು, ಆಮೇಲಾಮೇಲೆ ಅದರ ಮೇಲೆ ಹೇರಿದ್ದು ಶಾಮಿಲು. ಗುರಿಯ ಶಿಸ್ತು ತೆರಿಗೆಯ ಶಿಸ್ತಾದದ್ದು ‘ಗೊತ್ತುಮಾಡಿದ ಗೆರೆ’ ಎಂಬ ಅರ್ಥದಿಂದ ಇರಬೇಕು ಎಂಬುದು ನನ್ನ ಊಹೆ; ಒಪ್ಪದವರು ತಿದ್ದಿ.

ಒಂದು ತಮಾಷೆ ನೋಡಿ. ಮಕ್ಕಳನ್ನು ‘ಹದ್ದುಬಸ್ತಿನಲ್ಲಿ ಇಡುತ್ತೇವೆ’. ಹದ್ದುಬಸ್ತು ಜಮೀನಿನ ಗಡಿ ಗುರುತಿಸುವ ಕೆಲಸ, ಸರ್ವೆಯವರು ಇವತ್ತಿಗೂ ಅದೇ ಅರ್ಥದಲ್ಲಿ ಬಳಸುತ್ತಾರೆ. ಪೊಲೀಸರ ‘ಬಂದೋಬಸ್ತು’ ಹಿಂದೆ ಕಂದಾಯ ಇತ್ಯರ್ಥವನ್ನೂ ಹೇಳುತ್ತಿತ್ತು. ಕೊನೆಗೆ ನಮ್ಮದೇ ‘ಅಚ್ಚುಕಟ್ಟು’ ಕೂಡ ಕೆರೆ, ಕಾಲುವೆಗಳ ನೀರು ಹಾಯುವ ಜಮೀನಿಗೆ ಹೆಸರು. ಕನ್ನಡಿಗ ಮನಸ್ಸನ್ನು ಹತೋಟಿಗೆ ತರುವ ಮಾತನ್ನೆಲ್ಲ ಹೊಲಗದ್ದೆಯಿಂದಲೇ ಹೊತ್ತು ತಂದನೋ ಏನೋ.

ಇಂಗ್ಲಿಷ್ ಪದದ ಮೂಲ ಮಾತ್ರ ಪಾಠಶಾಲೆ. ಲ್ಯಾಟಿನ್ನಿನ ‘ಡಿಸ್ಕೆರೆ’ ಅಂದರೆ ಕಲಿಯುವುದು, ಕಲಿಯುವವನು ‘ಡಿಸ್ಕಿಪುಲುಸ್’, ಅವನಿಗೆ ಸಿಗುವುದು ‘ಡಿಸ್ಕಿಪ್ಲೀನ’. ಮುಂದೆ ಕ್ರೈಸ್ತ ಮಠಗಳಲ್ಲಿ ಪ್ರಾಯಶ್ಚಿತ್ತಕ್ಕೆಂದು ಮೈಮೇಲೆ ಬಾರಿಸಿಕೊಳ್ಳುವ ಚಾವಟಿಗೂ ‘ಡಿಸಿಪ್ಲಿನ್’ ಎಂದೇ ಹೆಸರಾಯಿತು. ಪಾಠ ಹೋಗಿ ಪೆಟ್ಟು ಉಳಿಯಿತು. ನಗುವ ಹಾಗಿಲ್ಲ, ನಾವು ‘ಶಿಕ್ಷೆ’ಗೆ ಮಾಡಿದ್ದೂ ಇದನ್ನೇ. ಅದರ ಮೂಲ ‘ಶಕ್’ ಧಾತು, ಶಕ್ತನಾಗಬೇಕೆಂಬ ಬಯಕೆ ಎಂದು ಭಾಷಾವಿಜ್ಞಾನಿಗಳು ಬಿಡಿಸುತ್ತಾರೆ. ವೇದಾಂಗಗಳಲ್ಲಿ ಶಿಕ್ಷಾ ಎಂದರೆ ಉಚ್ಚಾರಣೆಯ ಪಾಠ. ವೀರಶೈವರಲ್ಲಿ ದೀಕ್ಷಾಗುರುವಿನ ಜೊತೆಗೆ ಶಿಕ್ಷಾಗುರುವೂ ಇದ್ದಾನೆ, ಅವನ ಕೈಯಲ್ಲಿ ಬೆತ್ತವಿಲ್ಲ. ಹಿಂದಿಯಲ್ಲಿ ಇಂದಿಗೂ ಶಿಕ್ಷಾ ಎಂದರೆ ವಿದ್ಯೆ, ಕನ್ನಡ ಮರಾಠಿಗಳಲ್ಲಿ ದಂಡನೆ. ‘ಸರ್ವ ಶಿಕ್ಷಾ ಅಭಿಯಾನ’ ಕನ್ನಡಕ್ಕೆ ಬರುವಾಗ ‘ಸರ್ವ ಶಿಕ್ಷಣ ಅಭಿಯಾನ’ ಆಗದೆ ವಿಧಿಯಿರಲಿಲ್ಲ.

‘ವಿನಯ’ವೂ ಹೀಗೆ ಸವೆದ ಪದ. ಬೌದ್ಧರ ವಿನಯಪಿಟಕ ಭಿಕ್ಷುಗಳ ನಿಯಮಾವಳಿ, ಅಮರಕೋಶದ ‘ವಿನೀತ’ ಪಳಗಿದ ಕುದುರೆ. ಈಗ ಕೈಕಟ್ಟಿ ನಿಂತರೆ ವಿನಯ.

ವಿಶ್ವವಿದ್ಯಾಲಯಗಳವರು ಓದಿನ ವಿಷಯಕ್ಕೂ ಶಿಸ್ತು ಎಂದೇ ಬರೆಯುತ್ತಾರೆ. ಎರಡು ಮೂರು ಸೇರಿದರೆ ‘ಅಂತರ್‌ಶಿಸ್ತೀಯ’. ಪಾರಸಿ ಪದಕ್ಕೆ ಮುಂದೊಂದು ಹಿಂದೊಂದು ಸಂಸ್ಕೃತ ಹೊಲಿದ ಈ ಅಂಗಿ ನನಗೆ ಎಲ್ಲೋ ಚುಚ್ಚುತ್ತದೆ. ಹಾಗಂತ ‘ಅಶಿಸ್ತು’ ಎಂದು ನಿತ್ಯ ಹೇಳುವ ನಾನು ಬೆರಕೆಯನ್ನು ದೂರುವಂತಿಲ್ಲ. ಹಾಗಾಗಿ ನನ್ನ ತಕರಾರು ಬೆರಕೆಯ ಮೇಲಲ್ಲ, ಅರ್ಥದ ಮೇಲೆ: ಕನ್ನಡದ ಕಿವಿಗೆ ಶಿಸ್ತು ಎಂದರೆ ನಡೆ, ಓದಿನ ವಿಷಯವಲ್ಲ. ‘ಜ್ಞಾನಶಾಖೆ’ ಅರ್ಥವಾಗುತ್ತದೆ, ಆದರೆ ಅದರಲ್ಲಿ ಕಲಿಕೆಯ ಕಟ್ಟುಪಾಡಿನ ಸುಳಿವೇ ಇಲ್ಲ.

ಈಗ ನನ್ನ ಪ್ರಶ್ನೆ. ಸಂಸ್ಕೃತದ ‘ಶಾಸ್’ ಧಾತುವಿಗೆ ಕಲಿಸು, ಆಳು, ದಂಡಿಸು ಎಂಬ ಮೂರೂ ಅರ್ಥಗಳಿವೆ. ಶಿಷ್ಯ, ಶಿಷ್ಟ, ಶಾಸನ ಎಲ್ಲ ಅದರ ಮಕ್ಕಳೇ. ಹಾಗಾದರೆ ಮೂರು ‘ಡಿಸಿಪ್ಲಿನ್’ಗೆ ಕ್ರಮವಾಗಿ ಶಾಸ್ತ್ರ, ಅನುಶಾಸನ, ಶಾಸ್ತಿ ಎಂದು ಹಾಕಿದರೆ ಹೇಗೆ? ಪದಗಳ ಆಟವೂ ಉಳಿಯುತ್ತದೆ. ಸಮಾಜಶಾಸ್ತ್ರ, ಭೌತಶಾಸ್ತ್ರ ಎಂದು ಹೇಗೂ ಹೇಳುತ್ತಿದ್ದೇವೆ. ‘ತಕ್ಕ ಶಾಸ್ತಿಯಾಯಿತು’ ಎನ್ನದವರಿಲ್ಲ. ಅಳುಕು ಎರಡು. ಒಂದು, ‘ಶಾಸ್ತ್ರಕ್ಕೆ ಮಾಡಿದ’ ಎಂದರೆ ನಮ್ಮಲ್ಲಿ ಹೆಸರಿಗಷ್ಟೇ ಮಾಡಿದ ಎಂದರ್ಥ, ಶಿಸ್ತಿಗೆ ತದ್ವಿರುದ್ಧ. ಇನ್ನೊಂದು, ಅನುಶಾಸನ. ಭಟ್ಟಾಕಳಂಕ 1604ರಲ್ಲಿ ಬರೆದ ಕನ್ನಡ ವ್ಯಾಕರಣಕ್ಕೆ ಶಬ್ದಾನುಶಾಸನ ಎಂದೇ ಹೆಸರಿದ್ದರೂ, ಪದವನ್ನು ಒಂಟಿಯಾಗಿ ನಿಲ್ಲಿಸಿದರೆ ಇಂದಿನ ಓದುಗರಿಗೆ ಹಿಂದಿಯ ವಾಸನೆ ಹೊಡೆಯುತ್ತದೆಯೇ? ಸದ್ಯಕ್ಕೆ ಶಾಸ್ತ್ರ, ಶಾಸ್ತಿ ಎರಡನ್ನೂ ಬರೆದು ನಡುವಿನ ಜಾಗ ಖಾಲಿ ಬಿಟ್ಟಿದ್ದೇನೆ.