ಅಪ್‌ಡೇಟ್: ಮನೆ ಮತ್ತು ಕಚೇರಿ ಎರಡರ ಜಾಲದ ವಿಳಾಸವೂ 192.168.1 ಆಗಿದ್ದ ಸಮಸ್ಯೆ ಬಗೆಹರಿಯಿತು

ಹತ್ತು ದಿನಗಳ ಹಿಂದೆ, ಮನೆಯಿಂದ ವಿಪಿಎನ್ (ದೂರದಿಂದ ಕಚೇರಿಯ ಜಾಲಕ್ಕೆ ಸೇರಿಸುವ ಸುರಕ್ಷಿತ ಸಂಪರ್ಕ) ಮೂಲಕ ಸೇರಿದಾಗ ಕಚೇರಿಯ ಫೈಲ್ ಸರ್ವರ್ ಸಿಗುತ್ತಿಲ್ಲ ಎಂದು ಕೇಳಿದ್ದೆ. ಎರಡೂ ಕಡೆ 192.168.1.0/24 (ಅಂದರೆ 192.168.1ರಿಂದ ಆರಂಭವಾಗುವ ವಿಳಾಸಗಳ ಗುಂಪು) ಇದ್ದುದರಿಂದ ನನ್ನ ಲ್ಯಾಪ್‌ಟಾಪ್ ಸರ್ವರ್‌ನ ವಿಳಾಸವನ್ನು ಮನೆಯೊಳಗೇ ಹುಡುಕುತ್ತಿತ್ತು ಎಂಬ ನಿಮ್ಮ ಊಹೆ ಸರಿಯಾಗಿತ್ತು.

ಮನೆಯ ರೌಟರ್‌ನ ವಿಳಾಸ ಬದಲಿಸುವ ಸಲಹೆ ನನ್ನೊಬ್ಬನಿಗೆ ಫಲಿಸಿತು. ಆದರೆ ಹದಿನಾಲ್ಕು ಸಹೋದ್ಯೋಗಿಗಳ ಮನೆಗಳಿಗೆ ಹೋಗಿ ಅದನ್ನೇ ಮಾಡುವುದು ಆಗದ ಮಾತು. ಕಚೇರಿಯನ್ನು 172.17.0.0/16ಕ್ಕೆ (172.17ರಿಂದ ಆರಂಭವಾಗುವ ವಿಳಾಸಗಳಿಗೆ) ಒಯ್ಯುವ ಸಲಹೆ ಅರ್ಧ ದಿನವನ್ನೇ ನುಂಗಿತು, ಏಕೆಂದರೆ ನಮ್ಮ ಸರ್ವರ್‌ನಲ್ಲಿರುವ ಡಾಕರ್ (ಅಪ್ಲಿಕೇಶನ್‌ಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ನಡೆಸುವ ತಂತ್ರಾಂಶ) ತನ್ನ ಒಳ ಜಾಲಕ್ಕೆ ಮೊದಲೇ ಅದೇ ಶ್ರೇಣಿಯನ್ನು ಹಿಡಿದಿಟ್ಟುಕೊಂಡಿರುತ್ತದೆಂದು ನನಗೆ ತಿಳಿದಿರಲಿಲ್ಲ.

ಕೊನೆಗೆ ಕೈಹಿಡಿದದ್ದು 10ರಿಂದ ಆರಂಭವಾಗುವ ವಿಳಾಸಗಳಲ್ಲಿ ಯಾರೂ ಸಾಮಾನ್ಯವಾಗಿ ಆರಿಸದ ಭಾಗವೊಂದನ್ನು ತೆಗೆದುಕೊಳ್ಳಿ ಎಂಬ ಸಲಹೆ. ಈಗ 10.83.0.0/16 ನಮ್ಮದು: ಸಿಬ್ಬಂದಿಗೆ 10.83.10.0/24, ಪ್ರಿಂಟರ್ ಮತ್ತು ಕ್ಯಾಮೆರಾಗಳಿಗೆ 10.83.20.0/24, ವಿಪಿಎನ್‌ಗೆ 10.83.30.0/24. ಒಂದೊಂದರಲ್ಲೂ 254 ವಿಳಾಸಗಳು ದೊರೆಯುತ್ತವೆ, ಸಾಲದಿದ್ದರೆ ಪಕ್ಕದ ಗುಂಪನ್ನೂ ಸೇರಿಸಿ 10.83.10.0/23 ಮಾಡಿ 510ಕ್ಕೆ ಏರಿಸಲು 10.83.11.0/24ನ್ನು ಖಾಲಿ ಬಿಟ್ಟಿದ್ದೇನೆ.

ಬದಲಾವಣೆಯ ಹಿಂದಿನ ದಿನವೇ ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ತಾನಾಗಿ ವಿಳಾಸ ಕೊಡುವ ವ್ಯವಸ್ಥೆ) ಲೀಸ್ ಅವಧಿಯನ್ನು, ಅಂದರೆ ಕೊಟ್ಟ ವಿಳಾಸ ಎಷ್ಟು ಹೊತ್ತು ಉಳಿಯುತ್ತದೆಂಬುದನ್ನು, ಹತ್ತು ನಿಮಿಷಕ್ಕೆ ಇಳಿಸಿದ್ದರಿಂದ ಕಂಪ್ಯೂಟರ್‌ಗಳು ಸದ್ದಿಲ್ಲದೆ ಹೊಸ ವಿಳಾಸಕ್ಕೆ ಬಂದವು. ತೊಂದರೆ ಕೊಟ್ಟದ್ದು ಯಾರೋ ಎಂದೋ ಕೈಯಾರೆ ವಿಳಾಸ ಬರೆದಿಟ್ಟಿದ್ದ ಎರಡು ಪ್ರಿಂಟರ್‌ಗಳು ಮಾತ್ರ.

ಇನ್ನೊಂದು ಸಂಗತಿ: 172ರಲ್ಲಿ ಖಾಸಗಿ ಶ್ರೇಣಿ (ಒಳ ಜಾಲಗಳಲ್ಲಿ ಯಾರು ಬೇಕಾದರೂ ಬಳಸಬಹುದಾದ ವಿಳಾಸಗಳು) 172.16ರಿಂದ 172.31ರವರೆಗೆ ಮಾತ್ರ. ನಾನು ಮೊದಲು ಗುರುತು ಹಾಕಿಕೊಂಡಿದ್ದ 172.40 ಸಾರ್ವಜನಿಕ ಅಂತರ್ಜಾಲಕ್ಕೆ ಸೇರಿದ್ದು.